ಶುಭ ಶುಕ್ರವಾರದ ರಾತ್ರಿ ಜೊತೆಗಿದ್ದವರಿಗೆ

ಅವ್ವನನ್ನು ಮಣ್ಣು ಮಾಡಿ ಬಂದಮೇಲೆ ಬಂದ ಫೋನು, ಮೆಸೇಜುಗಳಿಗೆ ಸರಿಯಾಗಿ ಉತ್ತರ ಕೊಡಲು ಆಗಿಲ್ಲ. ಪಾಸ್ಕ ಹಬ್ಬದ (ಈಸ್ಟರ್) ಎಂಟು ದಿನ ಮುಗಿದಿದೆ, ಈಗ ಬರೆಯುತ್ತಿದ್ದೇನೆ. ಕಾಯಿಲೆಯ ವಿಷಯ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ತೆಗೆಯುವುದಿಲ್ಲ.

ಕ್ಯಾಂಪಿನ ನೆರೆಹೊರೆಯವರು, ಖಾನಾಪುರದಿಂದ ಬಂದ ಬಳಗ, ಗಾಯನ ವೃಂದ, ಸಮಾಧಿ ತೋಡಿದ ಹುಡುಗರು, ಹೊತ್ತು ಹೊತ್ತಿಗೆ ಗಂಜಿ ಕಳಿಸಿದ ಎದುರುಮನೆಯ ಕಾಕು, ನಿಮಗೆಲ್ಲ ಕೈಮುಗಿಯುತ್ತೇನೆ. ಪವಿತ್ರ ವಾರದ ಅಷ್ಟು ಕೆಲಸದ ನಡುವೆಯೂ ಕರೆದ ತಕ್ಷಣ ಬಂದ ಫಾದರ್‌ಗೂ.

ಇನ್ನು ಚರ್ಚಿನಲ್ಲಿ ಧರ್ಮೋಪದೇಶ ಕಲಿಸುವ ನಮ್ಮ ಅಕ್ಕೋರು. ಅವರ ಋಣ ಒಂದು ಸಾಲಿಗೆ ಮುಗಿಯುವಂಥದ್ದಲ್ಲ.

ಗುರುವಾರವೇ ಅವರು ಹೇಳಿದ್ದರು: "ಫಾದರ್‌ಗೆ ಈಗ ಫೋನ್ ಹಚ್ಚ್ರಿ. ಅವ್ವಾರಿಗೆ ಮಾತು ಇರೂವಾಗನ ಪಾಪನಿವೇದನೆ ಆಗಲಿ." ಫಾದರ್ ಬಂದರೆ ರೋಗಿ ಹೆದರುತ್ತಾರೆ ಎಂದು ಕೊನೆಯುಸಿರಿನವರೆಗೆ ತಡ ಮಾಡುವ ಮನೆಗಳೇ ಹೆಚ್ಚು. ಅಷ್ಟೊತ್ತಿಗೆ ಫಾದರ್ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ನಾಲಿಗೆ ಹೊರಳುವುದಿಲ್ಲ, ಯೇಸುವಿನ ಶರೀರವೆಂದು ಸ್ವೀಕರಿಸುವ ರೊಟ್ಟಿ, ಪರಮಪ್ರಸಾದ, ಗಂಟಲಲ್ಲಿ ಇಳಿಯುವುದಿಲ್ಲ, ರೋಗಿಗೆ ಪವಿತ್ರ ಎಣ್ಣೆ ಹಚ್ಚುವ ಅಭ್ಯಂಗವೊಂದೇ ಉಳಿಯುತ್ತದೆ. ಅಭ್ಯಂಗವಾದರೂ ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಶುರುವಾದಾಗಲೇ ಕೊಡಿಸಬೇಕಾದ ಸಂಸ್ಕಾರ. ಹೊರಟು ನಿಂತವರಿಗೆ ಧರ್ಮಸಭೆ ಕಟ್ಟಿಕೊಡುವ ಬುತ್ತಿ ಕೊನೆಯ ಪರಮಪ್ರಸಾದ.

ಶುಭ ಶುಕ್ರವಾರ, ಯೇಸು ಶಿಲುಬೆಯಲ್ಲಿ ಸತ್ತ ದಿನ, ಚರ್ಚಿನಲ್ಲಿ ಬಲಿಪೂಜೆಯೇ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ) ಇಲ್ಲ, ಇದೆಲ್ಲ ಸಿಗುತ್ತದೆಯೇ ಎಂದು ಬಳಗದಲ್ಲಿ ಗೊಂದಲ. ಅಕ್ಕೋರಿಗೆ ಸಂಶಯವೇ ಇರಲಿಲ್ಲ. ಪಾಪನಿವೇದನೆ, ಅಭ್ಯಂಗ ಶುಕ್ರವಾರವೂ ಉಂಟು, ಶನಿವಾರವೂ ಉಂಟು. ಗುರುವಾರದ ಪೂಜೆಯಲ್ಲಿ ಪವಿತ್ರೀಕರಿಸಿ ಕಾದಿಟ್ಟ ಪರಮಪ್ರಸಾದವನ್ನು ಶುಕ್ರವಾರ ಯಾವ ಹೊತ್ತಿನಲ್ಲಾದರೂ ರೋಗಿಗೆ ತರಬಹುದು. ಶನಿವಾರವಾದರೆ ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ.

ಶುಕ್ರವಾರದ ಆರಾಧನೆ ಮುಗಿಸಿ ಫಾದರ್ ಬರುವಷ್ಟರಲ್ಲಿ ಅಕ್ಕೋರು ಮೇಜು ಅಣಿ ಮಾಡಿದ್ದರು: ಒಗೆದ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ತೀರ್ಥ, ಫಾದರ್ ಬೆರಳು ತೊಳೆಯಲು ಬಟ್ಟಲು ನೀರು, ಎಣ್ಣೆ ಒರೆಸಲು ಹತ್ತಿ, ಒಂದು ಚಮಚ. ಆಕ್ಸಿಜನ್ ನಡೆಯುತ್ತಿದ್ದುದರಿಂದ ಮೇಣದಬತ್ತಿ ಹಚ್ಚಲು ಬಿಡಲಿಲ್ಲ. ಆ ಗಾಳಿಯಲ್ಲಿ ಸಣ್ಣ ಕಿಡಿಗೂ ಹಾಸಿಗೆ ಹೊತ್ತಿಕೊಳ್ಳುತ್ತದೆ. ತಲೆಗೆ ಎರಡು ದಿಂಬು ಕೊಟ್ಟು, ಅರ್ಧ ಚಮಚ ನೀರು ಹಾಕಿ ಅವ್ವ ನುಂಗುತ್ತಾಳೋ ಎಂದು ನೋಡಿದರು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ, ತಾವೂ ಬಂದು ಬಾಗಿಲು ಎಳೆದುಕೊಂಡರು. ಪಾಪನಿವೇದನೆ ಮೊದಲು. ನಂತರ ಅಭ್ಯಂಗ, ಹಣೆಗೆ ಮತ್ತು ಎರಡೂ ಕೈಗಳಿಗೆ. ಪರಮಪ್ರಸಾದ ಕೊನೆಗೆ. ಫಾದರ್ ಚೂರೇ ಚೂರು ಮುರಿದು ನಾಲಿಗೆಯ ಮೇಲಿಟ್ಟು, ಹಿಂದೆಯೇ ಚಮಚದಲ್ಲಿ ನೀರು ಕೊಟ್ಟರು. ಅವ್ವ ನುಂಗಿದಳು. ಬೆರಳು ತೊಳೆದ ನೀರನ್ನು ಅಕ್ಕೋರು ಮೋರಿಗೆ ಚೆಲ್ಲದೆ ತುಳಸಿ ಬುಡದ ಮಣ್ಣಿಗೆ ಹಾಕಿದರು. ಎಣ್ಣೆ ಒರೆಸಿದ ಹತ್ತಿಯನ್ನು ಹಿತ್ತಲಲ್ಲಿ ಸುಟ್ಟರು.

ಎಲ್ಲರೂ ಮನೆಗೆ ಹೋದಮೇಲೂ ಅವರು ಹೋಗಲಿಲ್ಲ. ಕೂಡಿದ ಜನ ಒಟ್ಟಿಗೆ ಗಟ್ಟಿಯಾಗಿ ಜಪ ಹೇಳತೊಡಗಿದರೆ ಸಾಯುವವರಿಗೆ ದಣಿವು ಎಂದು ತಾವೊಬ್ಬರೇ ಕಿವಿಯ ಹತ್ತಿರ ಒಂದೊಂದೇ ಮಾತು ಹೇಳುತ್ತಿದ್ದರು: "ಯೇಸುವೇ, ನನ್ನ ಆತ್ಮವನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ." ಸ್ವಲ್ಪ ಸುಮ್ಮನಿದ್ದು ಮತ್ತೆ ಅದೇ. ನಡುನಡುವೆ ಜಪಸರ, ಯೇಸುವಿನ ಯಾತನೆಯನ್ನು ನೆನೆಯುವ ದುಃಖದ ರಹಸ್ಯಗಳು, ಅರ್ಧ ಅವರು, ಅರ್ಧ ನಾವು. ಬಾಯಿ ಒಣಗಿದಾಗ ಒದ್ದೆ ಹತ್ತಿಯಿಂದ ತುಟಿ ಸವರಿದರೇ ಹೊರತು ನೀರು ಹೊಯ್ಯಲು ಯಾರನ್ನೂ ಬಿಡಲಿಲ್ಲ, ಶ್ವಾಸನಾಳಕ್ಕೆ ಇಳಿದೀತೆಂದು. ಗಂಟಲು ಗೊರಗುಟ್ಟಿದಾಗ ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದರು. ಬೆಳಗಿನ ಜಾವ ಉಸಿರಿನ ನಡುವೆ ಅಂತರ ಬೆಳೆದಾಗ ಸಂತರ ಪ್ರಾರ್ಥನಾಮಾಲೆ ಓದಿಸಿದರು. ಫಾದರ್ ಇಲ್ಲದಾಗ ಮರಣಾಸನ್ನರ ಪ್ರಾರ್ಥನೆಯನ್ನು ಮನೆಯವರೇ ನಡೆಸಬಹುದು ಎಂದು ಆ ಪುಟ ತೆಗೆದು ನನ್ನ ಕೈಗೆ ಕೊಟ್ಟರು. ಕ್ರೈಸ್ತ ಆತ್ಮಕ್ಕೆ ಈ ಲೋಕದಿಂದ ಹೊರಡು ಎನ್ನುವ ಸಾಲನ್ನು ಹೆತ್ತ ತಾಯಿಗೆ ಓದುವುದು ಎಂಥದ್ದೆಂದು ಬರೆಯಲು ನನ್ನ ಕೈಲಾಗುವುದಿಲ್ಲ.

ಶನಿವಾರ ಸಂಜೆ ಮಣ್ಣು. ಬೋಳು ಪೀಠ, ಬಾಗಿಲು ತೆರೆದ ಬರಿದಾದ ಪ್ರಸಾದದ ಪೆಟ್ಟಿಗೆ, ಗಂಟೆಯ ಸದ್ದಿಲ್ಲ. ಆ ದಿನ ಮೃತರ ಬಲಿಪೂಜೆಗೂ ಅವಕಾಶವಿಲ್ಲ. ವಾಚನ, ಪ್ರಾರ್ಥನೆ, ವಿದಾಯದ ವಿಧಿ, ಅಷ್ಟೇ. ಮೈಯಲ್ಲಿ ಶಕ್ತಿ ಇರುವತನಕ ಪೂಜೆ ತಪ್ಪಿಸದ ಆಕೆಗೇ ಪೂಜೆ ಇಲ್ಲವೇ ಎಂದು ನನಗೆ ಸಿಟ್ಟು ಬಂತು, ದೇವರ ಮೇಲೆಯೇ ಬಂತು. ಅಕ್ಕೋರು ಸಮಾಧಾನದ ಮಾತೇನೂ ಆಡಲಿಲ್ಲ. "ಸೋಮವಾರ ಪೂಜಿ ಕೇಳ್ರಿ, ಪಾಸ್ಕದ ವಾರದಾಗ ಕೊಡ್ತಾರ" ಅಂದರು. ಭಾನುವಾರ ಹಬ್ಬ, ಅಂದು ಮೃತರ ಪೂಜೆ ಆಗದು. ಸೋಮವಾರ ಬಿಳಿ ಉಡುಪಿನಲ್ಲಿ ಅವ್ವನ ಪೂಜೆ ಆಯಿತು. ಶನಿವಾರದ ಪಾಸ್ಕ ಜಾಗರಣೆಯ ರಾತ್ರಿ ಹೊತ್ತಿಸಿದ ಹೊಸ ಪಾಸ್ಕ ದೀಪ ಪಕ್ಕದಲ್ಲೇ ಉರಿಯುತ್ತಿತ್ತು. ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲವಿಡೀ ಬಾಯಿಗೆ ಬಾರದಿದ್ದ ಅಲ್ಲೆಲೂಯ ಹಾಡಿದರು. ನಾನೂ ಹಾಡಿದೆ.

ತಿಂಗಳ ಪೂಜೆಯ ದಿನ ಫಾದರ್ ಹೇಳಿದ ಮೇಲೆ ಎಲ್ಲರಿಗೂ ತಿಳಿಸುತ್ತೇನೆ. ಅಕ್ಕೋರು ಬರೆದುಕೊಟ್ಟ ಚೀಟಿ ನೋಡಿ ಅದೇ ಸಾಮಾನುಗಳ ಒಂದು ಪೆಟ್ಟಿಗೆ ಜೋಡಿಸಿದ್ದೇವೆ: ಬಟ್ಟೆ, ಶಿಲುಬೆ, ಮೇಣದಬತ್ತಿಯ ಸ್ಟ್ಯಾಂಡು, ಬಟ್ಟಲು, ಹತ್ತಿ, ಮರಣಾಸನ್ನರ ಪ್ರಾರ್ಥನೆಯ ಪುಸ್ತಕ. ನಮ್ಮ ಮನೆಯಲ್ಲೇ ಇರುತ್ತದೆ. ಯಾರಿಗೆ ಬೇಕಾದರೂ ನಡುರಾತ್ರಿಯಾದರೂ ಬಾಗಿಲು ಬಡಿದು ಒಯ್ಯಿರಿ.