ಅಜ್ಜಯ್ಯನ ಕೋವಿ ಕೊಡಬೇಡಿ

ಫಿಲಾಖ್, ಆಸ್ಟ್ರಿಯಾ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನಿಗೆ ಮಗಳು ಮಾಡುವ ನಮಸ್ಕಾರಗಳು. ಅಮ್ಮನಿಗೂ ನಮಸ್ಕಾರ. ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಮಳೆ ಹಿಡಿಯುವುದರೊಳಗೆ ಅಡಿಕೆಗೆ ಮದ್ದು ಹೊಡೆದು ಮುಗಿಯಿತಾ ಬರೆಯಿರಿ.

ಮೊನ್ನೆ ಫೋನಿನಲ್ಲಿ ನನ್ನ ತಮ್ಮ ಅಜ್ಜಯ್ಯನ ಕೋವಿಯ ವಿಷಯ ಎತ್ತಿದಾಗ ನಾನು ಸುಮ್ಮನಿದ್ದೆ. ಒಪ್ಪಿಗೆ ಅಂದುಕೊಂಡಿರಬೇಕು. ಒಪ್ಪಿಗೆ ಅಲ್ಲ. ಫೋನಿನಲ್ಲಾದರೆ ನೀವು ‘ಆಯ್ತು ಮಾರಾಯ್ತಿ’ ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವಾದರೆ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಎರಡು ಸಲ ಓದುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ 70 ತುಂಬಿತು, ಲೈಸೆನ್ಸನ್ನು ಅವನ ಹೆಸರಿಗೆ ಮಾಡಿಸುವುದು ಸರಿಯೇ. ಆದರೆ ಅಜ್ಜಯ್ಯನ ಜೋಡುನಳಿಗೆ ಕೋವಿಯನ್ನು ಶಿವಮೊಗ್ಗದ ಅಂಗಡಿಗೆ ಕೊಟ್ಟು ಕಪ್ಪು ಪ್ಲಾಸ್ಟಿಕ್ ಹಿಡಿಯ ಹೊಸತನ್ನು ತರುತ್ತೇನೆ ಅಂದನಲ್ಲ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವನು ಕೊಟ್ಟ ಕಾರಣಗಳು ಸುಳ್ಳಲ್ಲ. ನಮ್ಮ ಕಡೆ ಮಳೆಗೆ ಮರದ ಹಿಡಿ ಊದಿಕೊಳ್ಳುತ್ತದೆ, ಬೇಸಿಗೆಗೆ ಒಣಗಿ ತಿರುಪು ಸಡಿಲ. ಆರಿದ್ರಾ ಮಳೆ ಹಿಡಿದ ಮೇಲೆ ಅಜ್ಜಯ್ಯ ಕೋವಿಯನ್ನು ಜಗಲಿ ಗೋಡೆಯಿಂದ ಇಳಿಸಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸುತ್ತಿದ್ದರು, ಆದರೂ ನಳಿಗೆಗೆ ತುಕ್ಕು ಬಂದೇ ಬರುತ್ತಿತ್ತು. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ ಒಂದು ಸಲ ಹಿಡಿಯ ಮೇಲೆ ಉದ್ದ ಗೀರು ಬಿದ್ದು ಬಂದದ್ದು ನಿಮಗೆ ನೆನಪಿರಬಹುದು. ಪ್ಲಾಸ್ಟಿಕ್ಕಿಗೆ ಈ ಯಾವ ಸಂಕಟವೂ ಇಲ್ಲ.

ಸಾವಿರಗಟ್ಟಲೆ ಒಂದೇ ತರ ಮಾಡುವ ಕೆಲಸವನ್ನು ನಾನು ಹಗುರವಾಗಿ ಕಾಣಲಾರೆ, ಅದು ನನ್ನ ಅನ್ನ. ಇಲ್ಲಿ ನಮ್ಮ ಕಾರ್ಖಾನೆಯಲ್ಲಿ ಮೂವತ್ತು ಸೆಂಟಿಮೀಟರ್ ಅಗಲದ ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ಸಾವಿರಾರು ಎಲೆಕ್ಟ್ರಾನಿಕ್ ಚಿಪ್‌ಗಳು ಮೂಡುತ್ತವೆ. ಒಂದು ಇನ್ನೊಂದಕ್ಕಿಂತ ಬೇರೆ ಇದ್ದರೆ ಅದು ಕಸ. ದಿನವಿಡೀ ನಾನು ಹುಡುಕುವುದೇ ಆ ಬೇರೆಯಾದದ್ದನ್ನು, ಹುಡುಕಿ ಎಸೆಯುವುದಕ್ಕೆ.

ಶನಿವಾರ ಫೆರ್ಲಾಖ್ ಅನ್ನುವ ಊರಿಗೆ ಹೋದೆ. ಇಲ್ಲಿಂದ ಹೆಚ್ಚು ದೂರವಿಲ್ಲ. ದ್ರಾವಾ ಹೊಳೆ ದಾಟಿದರೆ ಕಣಿವೆ, ಅದರಾಚೆ ಕರವಾಂಕನ್ ಬೆಟ್ಟಸಾಲು, ಬೆಟ್ಟ ದಾಟಿದರೆ ಸ್ಲೊವೇನಿಯಾ. ಊರಿಗೆ ಜರ್ಮನ್‌ನಲ್ಲೊಂದು ಹೆಸರು, ಸ್ಲೊವೇನಿಯನ್‌ನಲ್ಲಿ ಬೊರೊವ್ಲ್ಯೆ ಅಂತ ಇನ್ನೊಂದು. ನಮ್ಮಲ್ಲಿ ಘಟ್ಟದ ಮೇಲೆ ಕನ್ನಡ, ಇಳಿದರೆ ಕುಂದಗನ್ನಡ, ತುಳು, ಕೊಂಕಣಿ ಅನ್ನುವ ಹಾಗೆ. ನೂರಾರು ವರ್ಷದಿಂದ ಈ ಊರಿನ ಕಸುಬೇ ಕೋವಿ. 1878ರಲ್ಲಿ ಶುರುವಾದ ಕೋವಿ ಕೆಲಸದ ಶಾಲೆ ಇವತ್ತಿಗೂ ನಡೆಯುತ್ತಿದೆ. ಹೈಸ್ಕೂಲು ವಯಸ್ಸಿನ ಮಕ್ಕಳು ಅರ ಹಿಡಿದು ಕಬ್ಬಿಣ ಉಜ್ಜುವುದನ್ನು, ಉಕ್ಕಿನ ಮೇಲೆ ಜಿಂಕೆ, ಕಾಡುಕೋಳಿ ಕೆತ್ತುವುದನ್ನು ಅಲ್ಲಿ ಕಲಿಯುತ್ತಾರೆ. ಮೂರು ನಳಿಗೆಯ, ನಾಲ್ಕು ನಳಿಗೆಯ ಕೋವಿಗಳಿಗೂ ಈ ಊರು ಹೆಸರುವಾಸಿ. ಅಷ್ಟೂ ನಳಿಗೆಗಳನ್ನು ಬೆಸೆದು, ಎಲ್ಲದರ ಗುರಿ ಒಂದೇ ಕಡೆ ಬೀಳುವ ಹಾಗೆ ಹದ ಮಾಡಬೇಕು. ಒಂದು ಕೋವಿಗೆ ತಿಂಗಳುಗಟ್ಟಲೆ ಬೇಕು, ಬೆಲೆ ಹತ್ತಾರು ಸಾವಿರ ಯೂರೋ.

ಇದೇ ಊರಿನಲ್ಲಿ ಗ್ಲಾಕ್ ಪಿಸ್ತೂಲಿನ ಕಾರ್ಖಾನೆಯೂ ಇದೆ. ಗಾಸ್ಟನ್ ಗ್ಲಾಕ್ ಕೋವಿ ಮನೆತನದವರಲ್ಲ. ಪರದೆ ಕಂಬಿ, ಚಾಕು ಮಾಡುತ್ತಿದ್ದವರು. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಅವರ ಪ್ಲಾಸ್ಟಿಕ್ ಮೈಯ ಪಿಸ್ತೂಲನ್ನು ಒಪ್ಪಿಕೊಂಡಿತು. ಅದಕ್ಕೂ ಮೊದಲೇ, 1959ರಲ್ಲಿ, ಅಮೆರಿಕದ ರೆಮಿಂಗ್ಟನ್ ಕಂಪನಿ ‘ನೈಲಾನ್ 66’ ಅಂತ ಒಂದು ಕೋವಿ ತಂದಿತ್ತು. ಹಿಡಿ ಪೂರ್ತಿ ನೈಲಾನಿನದು. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಹಿಡಿ ಹೊರಗೆ. ಹಗುರ, ಗಟ್ಟಿ, ಮಳೆಗೆ ಜಗ್ಗುವುದಿಲ್ಲ. ಒಂದು ಭಾಗ ಮುರಿದರೆ ಪೆಟ್ಟಿಗೆಯಿಂದ ಇನ್ನೊಂದು ತೆಗೆದು ಹಾಕಿದರಾಯಿತು.

ಈ ಯೋಚನೆ ಹಳೆಯದು. 1785ರಲ್ಲಿ ಫ್ರಾನ್ಸಿನಲ್ಲಿ ಹೊನೊರೆ ಬ್ಲಾಂಕ್ ಎಂಬ ಕೋವಿ ಕೆಲಸದವರು ಐವತ್ತು ಕೋವಿಗಳ ಕುದುರೆ-ಚಾಪಿನ, ಅಂದರೆ ಮದ್ದಿಗೆ ಕಿಡಿ ಕೊಡುವ ಯಂತ್ರದ, ಭಾಗಗಳನ್ನು ಬಿಡಿಬಿಡಿಯಾಗಿ ಖಾನೆಗಳಲ್ಲಿ ಇಟ್ಟಿದ್ದರು. ಆಗ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಕೈಗೆ ಸಿಕ್ಕ ತುಂಡುಗಳನ್ನೇ ಜೋಡಿಸಿ ನೋಡಿದರು, ಎಲ್ಲ ಸರಿಯಾಗಿ ಕೂತವು. ಅಲ್ಲಿಯವರೆಗೆ ಸಾಮಾನ್ಯವಾಗಿ ಒಂದು ಕೋವಿಯ ತಿರುಪು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನನ್ನ ಚಿಪ್‌ಗಳ ಮೂಲವೂ ಆ ಖಾನೆಗಳಲ್ಲೇ ಇದೆ ಅನ್ನಿಸುತ್ತದೆ.

ಗ್ಲಾಕ್ ಕಾರ್ಖಾನೆಯ ಒಳಗೆ ನಾನು ಹೋಗಲಿಲ್ಲ. ಹೋದದ್ದು ವಯಸ್ಸಾದ ಒಬ್ಬ ಕೋವಿ ಆಚಾರಿಯ ಕೊಟ್ಟಿಗೆಗೆ. ಅಪ್ಪಯ್ಯ, ಒಳಗೆ ಕಾಲಿಟ್ಟಾಗ ಮೂಗಿಗೆ ಬಂದದ್ದು ಅಗಸೆ ಎಣ್ಣೆ, ಮರದ ಹುಡಿಯ ವಾಸನೆ. ಅವರು ವಾಲ್‌ನಟ್ ಮರದ ಹಿಡಿಗೆ ಉಕ್ಕಿನ ಭಾಗ ಕೂರಿಸುತ್ತಿದ್ದರು. ಉಕ್ಕಿಗೆ ಸಣ್ಣ ಕುಂಚದಿಂದ ಕಪ್ಪು ಸವರುವುದು, ಮರದ ಗುಳಿಯಲ್ಲಿಟ್ಟು ಒತ್ತುವುದು, ತೆಗೆಯುವುದು. ಮರದಲ್ಲಿ ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆಯುವುದು. ಮತ್ತೆ ಸವರುವುದು, ಒತ್ತುವುದು. ಗುಳಿಯ ತುಂಬ ಒಂದೇ ಸಮ ಕಪ್ಪು ಹತ್ತುವವರೆಗೆ ಹೀಗೇ.

ನನಗೆ ಕಣ್ಣು ತುಂಬಿ ಬಂತು. ನಮ್ಮ ಆಚಾರ್ರು ಮಾಡಿದ್ದೂ ಇದನ್ನೇ ಅಂತ ನೀವೇ ಎಷ್ಟು ಸಲ ಹೇಳಿಲ್ಲ! ಅಜ್ಜಯ್ಯ ಗಾಡಿಯಿಂದ ಬಿದ್ದು ಕೋವಿಯ ಬಿಲಾಯತಿ ಹಿಡಿ ಸೀಳಿದಾಗ, ಆಚಾರ್ರು ಚಿಮಣಿ ಬುಡ್ಡಿಯ ಮಸಿಯನ್ನು ಉಕ್ಕಿಗೆ ಹಿಡಿಸಿ, ಒತ್ತಿ, ಕೆರೆದು, ಹನ್ನೊಂದು ದಿನ ನಮ್ಮ ಜಗಲಿಯಲ್ಲೇ ಕೂತು ಹೊಸ ಹಿಡಿ ಮಾಡಿದ್ದು. ಮರ ಎಲ್ಲಿಯದು ಅಂತ ತಮ್ಮನಿಗೆ ಗೊತ್ತಿದೆಯೋ ಇಲ್ಲವೋ. ಲಿಂಗನಮಕ್ಕಿ ನೀರು ಬಂದಾಗ ಬಿಟ್ಟು ಬಂದ ಹಳೇ ಮನೆಯ ಬೀಟೆ ದಾರಂದ ಅದು. ಮುತ್ತಜ್ಜಿ ಹಚ್ಚಿದ ಅರಿಶಿನ ಕುಂಕುಮ ಕುಡಿದ ಮರ. ಆ ಮನೆಯದು ಅಂತ ಇವತ್ತು ನಮ್ಮ ಕೈಗೆ ಸಿಗುವುದು ಅದೊಂದೇ. ಉಳಿದದ್ದೆಲ್ಲ ಶರಾವತಿ ನೀರಿನಡಿ.

ಫೆರ್ಲಾಖಿನ ಆ ಅಜ್ಜ ಇನ್ನೊಂದು ಸಂಗತಿ ತೋರಿಸಿದರು. ಮೇಲಿನಿಂದ ನೋಡಿದರೆ ಒಳ್ಳೆಯ ಕೋವಿಯ ಹಿಡಿ ನಳಿಗೆಗೆ ನೇರ ಇರುವುದಿಲ್ಲ. ಬಲಗೈಯವರಿಗಾದರೆ ಹಿಡಿ ಸ್ವಲ್ಪ ಬಲಕ್ಕೆ ವಾಲಿರುತ್ತದೆ, ಕೆನ್ನೆ ಇಟ್ಟ ಕೂಡಲೇ ಕಣ್ಣು ನಳಿಗೆಯ ನೇರಕ್ಕೆ ಬರಲಿ ಅಂತ. ಎಡಗೈಯವರಿಗೆ ಎಡಕ್ಕೆ. ಕೊಳ್ಳುವವರ ತೋಳು, ಕತ್ತು, ಹೆಗಲು ಎಲ್ಲದರ ಅಳತೆ ತೆಗೆದೇ ಮರ ಕೊಯ್ಯುತ್ತಾರೆ. ಹಿಡಿದು ನೋಡು ಅಂತ ಖಾಲಿ ಕೋವಿಯೊಂದನ್ನು ಕೈಗೆ ಕೊಟ್ಟರು. ನಾನು ಅಭ್ಯಾಸದಂತೆ ಎಡ ಹೆಗಲಿಗೆ ಇಟ್ಟೆ. ಕೆನ್ನೆ ಕೂರಲೇ ಇಲ್ಲ, ಕಣ್ಣು ನಳಿಗೆಯಿಂದ ಎರಡು ಬೆರಳು ಆಚೆ. ‘ಎಡಗೈಯವಳಾ? ಹಾಗಾದರೆ ಇದು ನಿನ್ನದಲ್ಲ’ ಅಂದರು.

ಆಗ ಹೊಳೆಯಿತು. ಅಜ್ಜಯ್ಯ ಎಡಚರು. ನೀವು ಜೀವಮಾನವಿಡೀ ‘ಈ ಕೋವಿ ನನಗೆ ಒಗ್ಗಲ್ಲ, ಕೆನ್ನೆಗೆ ಹೊಡೀತದೆ’ ಅನ್ನುತ್ತಾ ಬಂದಿರಿ. ತಮ್ಮನದೂ ಅದೇ ದೂರು, ಮಂಗ ಓಡಿಸಲು ಗಾಳಿಯಲ್ಲಿ ಈಡು ಹೊಡೆದರೂ ದವಡೆ ಊದುತ್ತದೆ ಅಂತ. ಕೋವಿಯಲ್ಲಿ ದೋಷವಿಲ್ಲ ಅಪ್ಪಯ್ಯ. ಆಚಾರ್ರು ಅಡಿಕೆ ದಬ್ಬೆಯಲ್ಲಿ ಅಜ್ಜಯ್ಯನ ತೋಳಿನ ಅಳತೆ ತೆಗೆದರಂತಲ್ಲ, ಅಷ್ಟೇ ಅಲ್ಲ, ಅವರು ಎಡಕ್ಕೆ ಹಿಡಿಯುವುದನ್ನೂ ನೋಡಿ ಹಿಡಿಯನ್ನು ಎಡಕ್ಕೆ ವಾಲಿಸಿದ್ದಾರೆ. ಫೆರ್ಲಾಖಿನ ಶಾಲೆಯಲ್ಲಿ ಕಲಿಸುವ ವಿದ್ಯೆ ಅವರಿಗೆ ಹೇಗೆ ಬಂತು? ಎದುರಿಗಿದ್ದ ಮನುಷ್ಯನನ್ನು ಕಣ್ಣುತುಂಬ ನೋಡಿ ಬಂತು. ಅಚ್ಚಿನಲ್ಲಿ ಒತ್ತಿದ ಹಿಡಿ ಮಳೆಯನ್ನು ತಡೆಯುತ್ತದೆ. ಯಾರ ಹೆಗಲು ಎಂಬುದನ್ನು ಅದು ಕೇಳುವುದಿಲ್ಲ. ನನ್ನ ಜಗಳ ಇಷ್ಟೇ.

ನೀವು ನಗರ ಅನ್ನುವ ಊರಿನ, ಹಳೇ ಬಿದನೂರಿನ, ಬಾವಿಗೆ ಹೋಗಿ ಬಂದಿದ್ದು ನೆನಪಾಗುತ್ತದೆ. ಆ ಊರಿನಲ್ಲಿ ಟಿಪ್ಪು ಕಾಲದ ಕಬ್ಬಿಣದ ರಾಕೆಟ್‌ಗಳು 2002ರಲ್ಲಿ ಮೊದಲು ನೂರರವತ್ತು ಸಿಕ್ಕವು, ಆಮೇಲೆ 2018ರಲ್ಲಿ ಬಾವಿ ಅಗೆದಾಗ ಸಾವಿರಕ್ಕೂ ಮಿಕ್ಕಿ. ಮಣ್ಣಿಗೇ ಕರಿಮದ್ದಿನ ವಾಸನೆ ಇತ್ತು ಅಂದಿದ್ದಿರಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಗೆ ಅವನ್ನು ಸಾಗಿಸಿದರು. ಉದ್ದ 23ರಿಂದ 26 ಸೆಂಟಿಮೀಟರ್. ನನ್ನ ಕಾರ್ಖಾನೆಯ ಲೆಕ್ಕದಲ್ಲಿ ಮೂರು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಬೆಟ್ಟದಷ್ಟು. ಕಮ್ಮಾರನ ಕೈಯಲ್ಲಿ ಅದು ಆ ದಿನ ಸಿಕ್ಕ ತಗಡಿನ, ಆ ದಿನದ ಪೆಟ್ಟಿನ ಗುರುತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥವನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಎಂಬವನು ಅಲ್ಲಿನ ವುಲಿಚ್‌ನ ಆಯುಧಶಾಲೆಯಲ್ಲಿ ಅದೇ ದಾರಿಯಲ್ಲಿ ತನ್ನ ರಾಕೆಟ್ ಮಾಡಿ ರಾಶಿಗಟ್ಟಲೆ ತಯಾರಿಸಿದ. ಕಾಂಗ್ರೀವ್ ಹೆಸರು ಉಳಿಯಿತು. ನಮ್ಮ ಕಮ್ಮಾರರದು ಒಬ್ಬರದೂ ಇಲ್ಲ. ಆಚಾರ್ರ ಕೆಲಸಕ್ಕೂ ಹಾಗಾಗಬಾರದು.

ಈಗ ಮುಖ್ಯವಾದ ಮಾತು. ಇದನ್ನು ತಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಕೋವಿಯನ್ನು ಇಟ್ಟುಕೊಳ್ಳಿ ಅಂದೆನೇ ಹೊರತು ಹೊಡೆಯಿರಿ ಅನ್ನಲಿಲ್ಲ. ಇನ್ನು ಮೇಲೆ ಅದಕ್ಕೆ ತೋಟೆ ಹಾಕಲೇಬಾರದು. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುಳಿಸುಳಿ ಚಿತ್ತಾರ ಇದೆಯಲ್ಲ, ಚಿಕ್ಕಂದಿನಲ್ಲಿ ನಾನು ಬೆರಳಾಡಿಸುತ್ತಿದ್ದೆ, ಅದು ಮೇಲೆ ಬರೆದ ಚಿತ್ತಾರ ಅಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದು, ಸಲಾಕೆಗೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದ ನಳಿಗೆ. ಡಮಾಸ್ಕಸ್ ಅನ್ನುತ್ತಾರೆ. ಅಂಥ ಹಳೆಯ ನಳಿಗೆಗಳು ಹೆಚ್ಚಿನವು ಕರಿಮದ್ದಿನ ಕಾಲದವು. ಬೆಸುಗೆಯ ಸಂದಿನೊಳಗೆ ತುಕ್ಕು ಇಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಇವತ್ತಿನ ಹೊಗೆಯಿಲ್ಲದ ಮದ್ದಿನ ತೋಟೆಗೆ ಅಂಥದ್ದು ಸಿಡಿದರೆ ಎಡಗೈ ಹೋಗುತ್ತದೆ. ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಅನ್ನುತ್ತೀರಿ. ಮಾರಿಕಾಂಬೆ ಕಾಪಾಡಿದಳು, ಅಷ್ಟೇ.

ಕೋವಿ ಬಿಚ್ಚಿ ನಳಿಗೆಯ ಅಡಿಭಾಗ ನೋಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಕೋವಿಗಳ ಒಂದು ಪರೀಕ್ಷಾಶಾಲೆ ಇದೆ. ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ. ಕಿರೀಟದ ಕೆಳಗೆ ಅಡ್ಡಡ್ಡ ಎರಡು ರಾಜದಂಡ, ಜೊತೆಗೆ ಇಂಗ್ಲಿಷಿನ ಬಿ, ಪಿ, ಸಿ ಇದ್ದರೆ ಅದು 1904ಕ್ಕಿಂತ ಹಿಂದಿನದು. ನೈಟ್ರೋ ಎಂಬ ಗುರುತು ಎಲ್ಲೂ ಇಲ್ಲದಿದ್ದರೆ ಹೊಸ ಮದ್ದಿಗೆ ಅದನ್ನು ಪರೀಕ್ಷಿಸಿಯೇ ಇಲ್ಲ. ಇದ್ದರೂ ಧೈರ್ಯ ಬೇಡ, ಆ ಮುದ್ರೆ ಬಿದ್ದು ನೂರು ಮಳೆಗಾಲ ಕಳೆದಿದೆ.

ಹಾಗಾಗಿ ತೋಟಕ್ಕೆ ಅವನು ಪ್ಲಾಸ್ಟಿಕ್ ಹಿಡಿಯ ಹೊಸತನ್ನೇ ತರಲಿ, ನನ್ನ ಪೂರ್ತಿ ಒಪ್ಪಿಗೆ ಇದೆ. ಹಣ ಕಡಿಮೆ ಬಿದ್ದರೆ ನಾನು ಕಳಿಸುತ್ತೇನೆ. ಆಯುಧ ಕಾನೂನಿನ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡು ಕೋವಿ ಇಟ್ಟುಕೊಳ್ಳಲು ಅವಕಾಶವಿದೆ, ಮೊದಲು ಮೂರಿತ್ತು. ಹೊಸತೊಂದು, ಅಜ್ಜಯ್ಯನದೊಂದು, ಲೆಕ್ಕ ಸರಿಹೋಗುತ್ತದೆ. ಡಿ.ಸಿ. ಆಫೀಸಿಗೆ ಹೋಗುವಾಗ ಎರಡನ್ನೂ ಸೇರಿಸಿಯೇ ಅರ್ಜಿ ಬರೆಯಲಿ. ಒಂದನ್ನು ಕೈಬಿಟ್ಟರೆ ಆಮೇಲೆ ಸೇರಿಸುವುದು ಕಷ್ಟ.

ಅಜ್ಜಯ್ಯನ ಕೋವಿಗೆ ಮಳೆಗಾಲದಲ್ಲಿ ಬಟ್ಟೆ ಸುತ್ತಬೇಡಿ, ಬಟ್ಟೆ ನೀರೆಳೆಯುತ್ತದೆ. ಹಿಡಿಗೆ ಅಗಸೆ ಎಣ್ಣೆಯನ್ನು ಅಂಗೈಯಿಂದ, ಕೈ ಬಿಸಿಯಾಗುವಷ್ಟು ತಿಕ್ಕಿ. ಆಯುಧಪೂಜೆಗೆ ಕತ್ತಿ, ಗರಗಸದ ಜೊತೆ ಅದನ್ನೂ ಇಡಿ. ಕುಂಕುಮವನ್ನು ಕಬ್ಬಿಣಕ್ಕೆ ಹಚ್ಚಬೇಡಿ, ಮರಕ್ಕೆ ಹಚ್ಚಿ. ದಾರಂದಕ್ಕೆ ಅದು ಹೊಸತಲ್ಲ.

ಡಿಸೆಂಬರಿನಲ್ಲಿ ಬರುತ್ತೇನೆ. ಅಮ್ಮ, ಅಪ್ಪೆಮಿಡಿ ಒಂದು ಭರಣಿ ನನ್ನ ಹೆಸರಿನಲ್ಲಿ ಎತ್ತಿಡು. ಅಪ್ಪಯ್ಯ, ಬಂದ ಮರುದಿನ ನೀವು ಪಕ್ಕದಲ್ಲಿ ನಿಂತು, ನಳಿಗೆ ಖಾಲಿ ಇದೆ ಅಂತ ಎರಡು ಸಲ ನೋಡಿ, ಅದನ್ನು ಒಮ್ಮೆ ನನ್ನ ಕೈಗೆ ಕೊಡಿ. ಎಡಗೈಯಲ್ಲಿ ಉಂಡಿದ್ದಕ್ಕೆ ಅಮ್ಮ ನನಗೆ ಹೊಡೆದಾಗೆಲ್ಲ ‘ನನ್ನ ಹಾಗೇ ಇದೆ ಬಿಡು’ ಅಂತ ಅಜ್ಜಯ್ಯ ಅಡ್ಡ ಬರುತ್ತಿದ್ದರು. ಆಚಾರ್ರು ಮಾಡಿದ ಹಿಡಿ ನನ್ನ ಎಡ ಕೆನ್ನೆಗೆ ಕೂರುತ್ತದಾ ನೋಡಬೇಕು.

ನಿಮ್ಮ ಮಗಳು