ದಾಳಿಂಬೆ ಸಿಪ್ಪೆ, ಇಲಿಯ ಕರುಳು: ಪುಟ್ಟಿಗೊಂದು ಕಾಗದ

ಮೂಡಿಗೆರೆ

ಚಿ. ಪುಟ್ಟಿಗೆ ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕಾಫಿ ಕೊಯ್ಲು ಶುರುವಾಗಿದೆ, ಆಳು ಸಿಗುತ್ತಿಲ್ಲ. ಉಳಿದ ಗೋಳನ್ನು ನಿಮ್ಮಮ್ಮ ಹೇಳಿರುತ್ತಾಳೆ. ನೀನು ಕಳಿಸಿದ ಎಂ.ಫಾರ್ಮ್ ಪ್ರಾಜೆಕ್ಟಿನ ಪ್ಲಾನನ್ನು ಕೂತು ಓದಿದೆ. ಫೋನಿನಲ್ಲಿ ಹೇಳಿದರೆ ‘ಹೂಂ ಚಿಕ್ಕಮ್ಮ’ ಅಂದು ಮರೆತುಬಿಡುತ್ತೀಯ, ಅದಕ್ಕೇ ಈ ಕಾಗದ.

ಕರುಳಿನ ಉರಿಯೂತಕ್ಕೆ ದಾಳಿಂಬೆ ಸಿಪ್ಪೆಯ ಸಾರ ಕೊಟ್ಟು ನೋಡುವ ಯೋಚನೆ ಒಳ್ಳೆಯದೇ. ಭೇದಿಯಾದರೆ ಸಿಪ್ಪೆಯ ತಂಬುಳಿ ಮಾಡಿಕೊಡುವುದು ನಮ್ಮ ಮಲೆನಾಡಿನ ಮನೆಗಳಲ್ಲಿ ಇವತ್ತಿಗೂ ಇದೆ. ಆದರೆ ನಿನ್ನ ಪ್ಲಾನ್ ಹೀಗೇ ನಡೆದರೆ ಸಿಪ್ಪೆ ಗೆದ್ದೇ ಗೆಲ್ಲುತ್ತದೆ, ಅದರಲ್ಲಿ ಗುಣ ಇರಲಿ ಬಿಡಲಿ. ನನಗಿರುವ ಭಯ ಅದೇ. ಔಷಧಿಗೆ ಸೋಲಲಿಕ್ಕೂ ದಾರಿ ಬಿಡಬೇಕು ಕಣೇ.

ಮೊದಲು ನೀರಿನ ಬಾಟಲಿ. ಇಲಿಗೆ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಉರಿಯೂತ, ಬರಿಸಲು ಕರುಳನ್ನು ಕೆಡಿಸುವ ಡಿಎಸ್‌ಎಸ್ ಅನ್ನುವ ರಾಸಾಯನಿಕವನ್ನು 3 ಪರ್ಸೆಂಟ್ ಕುಡಿಯುವ ನೀರಿಗೆ ಹಾಕುತ್ತೀಯ, ಸರಿ. ಸಿಪ್ಪೆಯ ಸಾರವನ್ನೂ ಅದೇ ನೀರಿಗೆ ಬೆರೆಸುತ್ತೇನೆ ಅಂದಿದ್ದೀಯಲ್ಲ, ಅಲ್ಲೇ ಎಡವಟ್ಟು. ಸಿಪ್ಪೆಯ ತುಂಬ ಟ್ಯಾನಿನ್, ನಾಲಿಗೆ ಹಿಡಿದುಕೊಳ್ಳುವ ಒಗರು. ಇಲಿಗೆ ರುಚಿಸದೆ ನೀರು ಕಡಿಮೆ ಕುಡಿಯುತ್ತದೆ. ನೀರು ಕಡಿಮೆಯಾದರೆ ಡಿಎಸ್‌ಎಸ್ಸೂ ಕಡಿಮೆ, ಕಾಯಿಲೆಯೂ ಕಡಿಮೆ. ಆಮೇಲೆ ನೀನು ‘ಔಷಧಿ ಕೆಲಸ ಮಾಡಿತು’ ಅಂತ ಥೀಸಿಸ್ ಬರೆಯುತ್ತೀಯ! ಸಾರವನ್ನು ಫೀಡಿಂಗ್ ನೀಡಲ್‌ನಿಂದ ನೇರ ಹೊಟ್ಟೆಗೆ ಕೊಡು. ಔಷಧಿಯಿಲ್ಲದ ಗುಂಪಿಗೂ ಅದೇ ನೀಡಲ್ಲಿನಲ್ಲಿ ಬರೀ ದ್ರಾವಣ ಹೋಗಲಿ, ಹಿಡಿದು ಕುಡಿಸುವ ಗಾಬರಿ ಎಲ್ಲಕ್ಕೂ ಸಮನಾಗಿರಬೇಕು. ದಿನಾ ಬೆಳಗ್ಗೆ ಬಾಟಲಿ ತೂಗಿ ಬರೆದಿಡು.

ಎರಡನೆಯದು, ಡಿಎಸ್‌ಎಸ್‌ಗೆ ಮೂರು ದಿನ ಮುಂಚೆಯೇ ಸಾರ ಶುರುಮಾಡುತ್ತೀಯ. ಹಾಗೆ ಮಾಡಿದರೆ ತಿಳಿಯುವುದು ಕಾಯಿಲೆ ಬಾರದಂತೆ ತಡೆಯುತ್ತದೆಯೇ ಅಂತ ಮಾತ್ರ. ರೋಗಿ ಡಾಕ್ಟರ ಹತ್ತಿರ ಬರುವುದು ರಕ್ತ ಕಂಡ ಮೇಲೆ. ಇನ್ನೊಂದು ಗುಂಪಿಗಾದರೂ ಹಿಕ್ಕೆಯಲ್ಲಿ ರಕ್ತ ಕಂಡ ಮೇಲೆ ಸಾರ ಕೊಡು. ಡಿಎಸ್‌ಎಸ್ ನಿಲ್ಲಿಸಿದರೆ ಇಲಿಯ ಕರುಳು ತಾನಾಗಿಯೇ ಮಾಯುತ್ತದೆ ಅನ್ನುವುದೂ ತಲೆಯಲ್ಲಿರಲಿ. ಔಷಧಿಯಿಲ್ಲದ ಗುಂಪನ್ನು ಅದೇ ದಿನ ನೋಡದಿದ್ದರೆ ಆ ಪುಣ್ಯವೂ ಸಿಪ್ಪೆಯ ಲೆಕ್ಕಕ್ಕೇ ಹೋಗುತ್ತದೆ.

ಇನ್ನು ಕಾಯಿಲೆ ಎಷ್ಟಿದೆ ಅಂತ ಅಳೆಯುವ ನಿನ್ನ ಸ್ಕೋರು: ತೂಕ, ಹಿಕ್ಕೆಯ ಗಟ್ಟಿತನ, ರಕ್ತ. ಟ್ಯಾನಿನ್‌ನ ಗುಣವೇ ಭೇದಿ ಕಟ್ಟಿಸುವುದು. ಕರುಳಿನ ಒಳಗೋಡೆ ಹುಣ್ಣಾಗಿಯೇ ಇದ್ದರೂ ಹಿಕ್ಕೆ ಗಟ್ಟಿಯಾಗಿ ಸ್ಕೋರು ಇಳಿಯಬಹುದು. ಆದ್ದರಿಂದ ಕರುಳನ್ನೇ ನೋಡಬೇಕು. ದೊಡ್ಡಕರುಳನ್ನು ತೆಗೆಯುವಾಗ ಎಳೆಯಬೇಡ, ಎಳೆದಷ್ಟೂ ಉದ್ದವಾಗುವ ವಸ್ತು ಅದು. ಒದ್ದೆ ಕಾಗದದ ಮೇಲೆ ತನ್ನಷ್ಟಕ್ಕೆ ಮಲಗಲು ಬಿಟ್ಟು ಸ್ಕೇಲ್ ಇಡು. ಉರಿಯೂತವಾದ ಕರುಳು ಮೋಟಾಗಿ, ದಪ್ಪಗಾಗಿ, ಒಳಗೆ ಉಂಡೆ ಹಿಕ್ಕೆಯ ಬದಲು ಕೆಂಪು ಲೋಳೆ ತುಂಬಿಕೊಂಡಿರುತ್ತದೆ. ಉದ್ದಕ್ಕೆ ಸೀಳಿ, ತೊಳೆದು, ಗುದದ ತುದಿಯಿಂದ ಸುರುಳಿ ಸುತ್ತಿ ಫಾರ್ಮಲಿನ್‌ಗೆ ಹಾಕು. ಇದಕ್ಕೆ ಸ್ವಿಸ್ ರೋಲ್ ಅನ್ನುತ್ತಾರೆ, ಒಂದೇ ಸ್ಲೈಡಿನಲ್ಲಿ ಇಡೀ ಕರುಳು ಸಿಗುತ್ತದೆ. ಡಿಎಸ್‌ಎಸ್‌ನ ಹಾವಳಿ ಕೆಳತುದಿಯಲ್ಲೇ ಜಾಸ್ತಿ. ಸಿಕ್ಕ ಕಡೆ ಚೂರು ಕತ್ತರಿಸಿಕೊಂಡರೆ ಬೇಕಾದ ಉತ್ತರ ಬರುವ ಚೂರನ್ನೇ ಕೈ ಹುಡುಕುತ್ತದೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಲು ಆರ್‌ಎನ್‌ಎ ತೆಗೆಯುವುದಿದ್ದರೆ, ಕರುಳಲ್ಲಿ ಉಳಿದ ಡಿಎಸ್‌ಎಸ್ ಅದನ್ನು ಅಳೆಯುವ ಪಿಸಿಆರ್ ಪರೀಕ್ಷೆಯನ್ನೇ ಕೆಡಿಸುತ್ತದೆ. ಲೀಥಿಯಂ ಕ್ಲೋರೈಡ್‌ನಿಂದ ಶುದ್ಧಮಾಡಿಕೋ.

ಒಂದು ಗುಂಪನ್ನೆಲ್ಲ ಒಂದೇ ಪಂಜರಕ್ಕೆ ಹಾಕಬೇಡ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ಹಾಗಾಗಿ ಒಂದು ಪಂಜರದವಕ್ಕೆಲ್ಲ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಒಂದೇ. ನಿನ್ನ ಸಿಪ್ಪೆಗೆ ಇದು ಇನ್ನೂ ಮುಖ್ಯ, ಅದರಲ್ಲಿರುವ ಎಲಾಜಿಕ್ ಆಸಿಡ್ ಅನ್ನು ಯುರೋಲಿಥಿನ್ ಅನ್ನುವ ಬೇರೆ ವಸ್ತುವಾಗಿ ಬದಲಿಸುವುದೇ ಆ ಬ್ಯಾಕ್ಟೀರಿಯಾ. ಶುರುವಿಗೆ ಮುಂಚೆ ಹಾಸಿದ ಭತ್ತದ ಹೊಟ್ಟನ್ನು ಪಂಜರದಿಂದ ಪಂಜರಕ್ಕೆ ಬೆರೆಸು, ಬ್ಯಾಕ್ಟೀರಿಯಾ ಎಲ್ಲಕ್ಕೂ ಸಮನಾಗಲಿ. ಹೋಲಿಕೆಗೆ ಕೊಲೈಟಿಸ್‌ನ ಹಳೆಯ ಔಷಧಿ ಸಲ್ಫಸಲಜೀನ್ ಕೊಟ್ಟ ಗುಂಪೊಂದು ಇರಲಿ. ಅದನ್ನು ಒಡೆದು ಕೆಲಸಕ್ಕೆ ಬರಿಸುವುದೂ ಕರುಳಿನ ಬ್ಯಾಕ್ಟೀರಿಯಾವೇ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂತು ಅಂತ ನಿರಾಳವಾಗಬೇಡ. ಡಿಎಸ್‌ಎಸ್ ಸೋಮವಾರ ಶುರುಮಾಡಿದರೆ ತೂಕ ಸರಸರ ಇಳಿಯುವುದು ಶನಿವಾರ, ಭಾನುವಾರ. ಅವತ್ತು ಲ್ಯಾಬಿಗೆ ಬರುವವರು ಯಾರು? 20 ಪರ್ಸೆಂಟ್ ತೂಕ ಕಳೆದುಕೊಂಡ ಇಲಿಯನ್ನು ನರಳಲು ಬಿಡದೆ ಮುಗಿಸುವ ಅಧಿಕಾರ ಯಾರದ್ದು? ಈಗಲೇ ಬರೆದಿಡು. ಸತ್ತ ಇಲಿಯನ್ನು ಲೆಕ್ಕದಿಂದ ಬಿಡುವ ಚಾಳಿ ಬೇಡ.

ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳು ಹುಣ್ಣಾಗುವ ಕಾಯಿಲೆ, ಇದೆ, ಮೆಸಲಮೈನ್ ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಮೊನ್ನೆ ಬಂದು ‘ಅಮ್ಮಾ, ನಿಮ್ಮ ಹುಡುಗಿ ದಾಳಿಂಬೆ ಸಿಪ್ಪೇಲಿ ವಾಸಿ ಮಾಡ್ತಾಳಂತೆ, ಮಾತ್ರೆ ಬಿಟ್ಬಿಡ್ಲಾ?’ ಅಂದ. ಡಂಗುರ ಸಾರಿದ್ದು ನಿಮ್ಮಮ್ಮನೇ, ಇನ್ಯಾರು. ಬೈದು ಕಳಿಸಿದೆ. ಆದರೆ ನಿನ್ನ ಪ್ಲಾನಿನ ತಲೆಬರಹದಲ್ಲೂ ‘ಕ್ರೋನ್ಸ್ ಕಾಯಿಲೆಗೆ ಪರಿಹಾರ’ ಅಂತಿದೆಯಲ್ಲ! ಕ್ರೋನ್ಸೂ ಕರುಳಿನ ಉರಿಯೂತವೇ, ಆದರೆ ಬೇರೆ ಕಾಯಿಲೆ. ಡಿಎಸ್‌ಎಸ್ ಕರುಳಿನ ಒಳಪದರವನ್ನೇ ಸುಲಿಯುತ್ತದೆ. ರೋಗನಿರೋಧಕ ಶಕ್ತಿಯ ಟಿ, ಬಿ ಲಿಂಫೋಸೈಟ್ ಕಣಗಳೇ ಇಲ್ಲದ ಇಲಿಗೂ ಅದರಿಂದ ಕೊಲೈಟಿಸ್ ಬರುತ್ತದೆ. ಗಾಯ ಮಾಯುವುದನ್ನು ನೋಡಲು ಆ ಮಾದರಿ ಸೊಗಸು, ವರ್ಷಗಟ್ಟಲೆ ಎಳೆಯುವ ಕ್ರೋನ್ಸ್ ಅಲ್ಲಿಲ್ಲ. ಉರಿಯೂತ ತಗ್ಗಿಸುವ ಐಎಲ್-10 ಅನ್ನುವ ಪ್ರೋಟೀನ್ ಇಲ್ಲದ ಇಲಿಗೆ ಕೊಲೈಟಿಸ್ ಬರುತ್ತದೆಂದು 1993ರಲ್ಲಿ ತಿಳಿಯಿತು. ಅದೇ ಐಎಲ್-10 ಅನ್ನು ಕ್ರೋನ್ಸ್ ರೋಗಿಗಳಿಗೆ ಚುಚ್ಚಿದರೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಉರಿಯೂತ ಹೆಚ್ಚಿಸುವ ಐಎಲ್-17ಎ ಪ್ರೋಟೀನನ್ನು ತಡೆಯುವ ಸೆಕುಕಿನುಮ್ಯಾಬ್ ಔಷಧಿಯದು ಇನ್ನೂ ಕೆಟ್ಟ ಕಥೆ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ರೋನ್ಸ್ ರೋಗಿಗಳಿಗೆ ಉಪಯೋಗವಾಗುವುದಿರಲಿ, ತೊಂದರೆಯೇ ಹೆಚ್ಚಾಯಿತು. ನಿನ್ನ ತಲೆಬರಹ ‘ಇಲಿಯಲ್ಲಿ ಡಿಎಸ್‌ಎಸ್ ಕೊಲೈಟಿಸ್ ಮೇಲೆ ದಾಳಿಂಬೆ ಸಿಪ್ಪೆಯ ಪರಿಣಾಮ’ ಅಂತಿರಲಿ, ಸಾಕು. ಗೈಡ್ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಸ್ಲೈಡ್ ನಾನೇ ನೋಡಿಕೊಡುತ್ತೇನೆ. ರಿಟೈರ್ ಆದರೂ ಮೈಕ್ರೋಸ್ಕೋಪ್ ಮನೆಯಲ್ಲೇ ಇದೆ. ಹಾಸನದಿಂದ ಬೇಲೂರಿನ ಮೇಲೆ ಬರುವ ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೀನೇ ತಾ. ಸ್ಲೈಡಿನ ಮೇಲೆ ಬರೀ ನಂಬರ್ ಇರಲಿ, ಗುಂಪಿನ ಪಟ್ಟಿ ಹಾಸ್ಟೆಲಿನಲ್ಲೇ ಇರಲಿ. ನಾನು ಎಲ್ಲಕ್ಕೂ ಸ್ಕೋರ್ ಬರೆದು ಸಹಿ ಹಾಕುವವರೆಗೆ ಯಾವುದು ಸಿಪ್ಪೆಯದು ಅಂತ ಬಾಯಿಬಿಡಬೇಡ, ನಾನು ಕಾಡಿದರೂ ಸರಿ.

ಇಂತಿ,
ನಿನ್ನ ಚಿಕ್ಕಮ್ಮ