ಶುದ್ಧ ಸಾರು ಕೇಳಿದ ಸೋದರಳಿಯನಿಗೆ

ತೀರ್ಥಹಳ್ಳಿ

ಚಿ. ಪುಟ್ಟುವಿಗೆ ಅತ್ತೆಯ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಮ್ಯೂನಿಕ್‌ನಲ್ಲಿ ಹೊರಗಡೆ ತಿನ್ನುವುದು ಬಿಟ್ಟು ಒಲೆ ಹಚ್ಚಿದ್ದೀಯ ಅಂತ ಕೇಳಿ ಸಂತೋಷವಾಯಿತು. ಆದರೆ "ಅತ್ತೆ, ನಮ್ಮ ಶುದ್ಧ ಸಾಂಪ್ರದಾಯಿಕ ಸಾರು ಅಳತೆ ಸಮೇತ ಬರೆದು ಕಳಿಸಿ, ಒಂದು ಸಾಮಾನೂ ಹೆಚ್ಚುಕಮ್ಮಿ ಆಗಬಾರದು" ಅಂದಿದ್ದೀಯಲ್ಲ, ಅದನ್ನು ಓದಿ ನಗು ಬಂತು. ಯಾವ ಕಾಲದ ಶುದ್ಧ ಬೇಕಪ್ಪಾ ನಿನಗೆ? ಅಳತೆ ಕೊಡುತ್ತೇನೆ, ಅದಕ್ಕೆ ಮುಂಚೆ ನಾಲ್ಕು ಮಾತು ಕೇಳು. ಪಾಠ ಹೇಳಿ ಅಭ್ಯಾಸವಾದವಳು, ಸಹಿಸಿಕೋ.

ನೀನು ದಿನಾ ಮಾಡುವ ಟೊಮೆಟೊ ಸಾರನ್ನೇ ತಗೋ. ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗ ಈ ಕರಾವಳಿಯಲ್ಲಿ ಒಂದು ಮೆಣಸಿನಕಾಯಿ ಗಿಡವೂ ಇರಲಿಲ್ಲ. ಅವನ ಕಣ್ಣಿದ್ದದ್ದು ನಮ್ಮ ಘಟ್ಟದ ಕಾಳುಮೆಣಸಿನ ಮೇಲೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು ಕೂತರು, ಮೆಣಸಿನಕಾಯಿ ಅವರ ಹಿಂದೆ ಬಂದು ಮೆಲ್ಲಗೆ ಘಟ್ಟ ಹತ್ತಿತು. ಈಗ ಬ್ಯಾಡಗಿ ಮೆಣಸಿನಕಾಯಿ ಇಲ್ಲದಿದ್ದರೆ ನಮ್ಮ ಸಾರಿನ ಪುಡಿಗೆ ಬಣ್ಣವೇ ಇಲ್ಲ. ಟೊಮೆಟೊ ಅಡುಗೆಮನೆಗೆ ಕಾಲಿಟ್ಟಿದ್ದು ಇನ್ನೂ ಈಚೆಗೆ. ನನ್ನ ಅಜ್ಜಿ ಕಡೆಯವರೆಗೂ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹುಣಸೆಯಾದರೂ ನಮ್ಮದು ಅಂದುಕೊಂಡೆಯಾ? ಅದರ ತವರು ಆಫ್ರಿಕ. ಬಂದು ಸಾವಿರಾರು ವರ್ಷವಾದ್ದರಿಂದ ಯಾರೂ ಊರು ಕೇಳುವುದಿಲ್ಲ, ಅಷ್ಟೆ. ಇಂಗಂತೂ ಇವತ್ತಿಗೂ ಆಫ್ಘಾನಿಸ್ತಾನ, ಇರಾನ್ ಕಡೆಯಿಂದಲೇ ಬರಬೇಕು. ಹಿಮಾಚಲದ ಲಾಹೌಲ್‌ನಲ್ಲಿ ಅದರ ಸಸಿ ನೆಟ್ಟು ನೋಡಿದ್ದೇ 2020ರಲ್ಲಿ. ಇನ್ನು ಸಾರಿನ ಪಾತ್ರೆಯಲ್ಲಿ ಇದೇ ಮಣ್ಣಿನವು ಅಂತ ಉಳಿಯುವುದು ತೊಗರಿಬೇಳೆ, ಕಾಳುಮೆಣಸು, ಕರಿಬೇವಿನಂಥ ಕೆಲವೇ.

ಹಳೆಯ ಸಾರು ಹೇಗಿತ್ತು ಅಂತ ನೋಡಬೇಕಾದರೆ ತಿಥಿಯ ದಿನ ಅಡುಗೆಮನೆಗೆ ಬಾ. ನೀನು ಅಜ್ಜನ ತಿಥಿಗೆ ಬಂದಾಗಲೆಲ್ಲ ನೇರ ಎಲೆಯ ಮುಂದೆ ಕೂತವನು, ಒಳಗೆ ಏನು ನಡೆಯುತ್ತದೆ ಗೊತ್ತಿಲ್ಲ. ಆಲೂಗಡ್ಡೆ, ಟೊಮೆಟೊ, ಎಲೆಕೋಸು, ಹೂಕೋಸು ಹೊಸ್ತಿಲು ದಾಟುವ ಹಾಗಿಲ್ಲ. ಬಾಳೆಕಾಯಿ, ಹಾಗಲಕಾಯಿ, ಪಡವಲಕಾಯಿ, ಸುವರ್ಣಗೆಡ್ಡೆ ಇವೇ ತರಕಾರಿ. ಖಾರಕ್ಕೆ ಮೆಣಸಿನಕಾಯಿ ಇಲ್ಲ, ಕಾಳುಮೆಣಸು. (ಈರುಳ್ಳಿ, ಬೆಳ್ಳುಳ್ಳಿ ಬಿಡುವುದು ಬೇರೆ ಕಾರಣಕ್ಕೆ, ಅವೇನೂ ಹೊಸಬರಲ್ಲ.) ಪದ್ಧತಿ ಮನೆಯಿಂದ ಮನೆಗೆ ಬೇರೆ, ಆದರೂ ಒಟ್ಟಿನಲ್ಲಿ ನೋಡಿದರೆ ಹಡಗು ಬರುವ ಮುಂಚಿನ ಅಡುಗೆ ಅದು. ಹೊಸ ತರಕಾರಿಯ ರುಚಿ ನೋಡದೆ ಹೋದವರಿಗೆ ಅವರು ಬಲ್ಲ ಊಟವನ್ನೇ ಹಾಕುತ್ತೇವೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಶಾಸ್ತ್ರಿಗಳು ಬೇರೆ ಏನಾದರೂ ಹೇಳಿಯಾರು.

ಆ ಸಾರನ್ನೇ ಹೇಳುತ್ತೇನೆ, ಬರೆದುಕೋ. ನಿನಗೊಬ್ಬನಿಗೆ ಎರಡು ಹೊತ್ತಿಗೆ ಕಾಲು ಲೋಟ ತೊಗರಿಬೇಳೆ. ಬೇಳೆ ಎಷ್ಟು ಕೂಗಿಸಿದರೂ ನುಣ್ಣಗಾಗುವುದಿಲ್ಲ ಅಂದೆಯಲ್ಲ, ಅದು ನಿನ್ನ ಕುಕ್ಕರಿನ ದೋಷ ಅಲ್ಲ. ಅಲ್ಲಿನ ನಲ್ಲಿ ನೀರು ಗಡಸು, ಗಡಸು ನೀರಿಗೆ ಬೇಳೆ ಬಗ್ಗುವುದಿಲ್ಲ. ಒಂದು ಗಂಟೆ ನೆನೆಹಾಕು, ಫಿಲ್ಟರ್ ಮಾಡಿದ ನೀರಿನಲ್ಲಿ ಬೇಯಿಸು, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ. ಹುಳಿಯನ್ನು ಮಾತ್ರ ಬೇಳೆ ಬೇಯುವ ಮೊದಲು ಸೇರಿಸಬೇಡ, ಹುಳಿ ತಾಗಿದ ಬೇಳೆ ಬೇಯದೆ ಹಟ ಹಿಡಿಯುತ್ತದೆ. ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ತುಪ್ಪದಲ್ಲಿ ಹುರಿ. ಜೀರಿಗೆ ಬಣ್ಣ ತಿರುಗಿ ಘಮ ಬಂತೋ, ಒಲೆ ಆರಿಸು. ಅರೆಕ್ಷಣ ಹೆಚ್ಚಾದರೆ ಕಹಿ. ತರಿತರಿಯಾಗಿ ಕುಟ್ಟು, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಸಾರು ಮಡ್ಡಿಯಾಗುತ್ತದೆ. ಅಡಿಕೆ ಗಾತ್ರದ ಹುಣಸೆಹಣ್ಣು ಕಿವುಚಿ ರಸ ತೆಗೆದು, ಉಪ್ಪು, ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವಷ್ಟು ಕುದಿಸು. ಆಮೇಲೆ ಬೇಳೆ ಕಟ್ಟು, ಕುಟ್ಟಿದ ಪುಡಿ. ನೊರೆ ಕಟ್ಟಿ ಮೇಲೆ ಬರುವಾಗಲೇ ಇಳಿಸಬೇಕು, ಮತ್ತೆ ಕುದಿಸಿದೆಯೋ ಮೆಣಸಿನ ಘಮ ಎಲ್ಲ ಆವಿಯ ಜೊತೆ ಹೋಯಿತು. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ.

ಇದು ಕೈಗೆ ಹತ್ತಿದ ಮೇಲೆ ಅಳತೆ ಚೀಟಿ ಎಸೆದುಬಿಡು. ಪಾತ್ರೆಯಲ್ಲಿ ಯಾವ ಸಾಮಾನು ಯಾವ ಕೆಲಸ ಮಾಡುತ್ತಿದೆ ಅಂತ ನೋಡುವುದನ್ನು ಕಲಿ. ಹುಣಸೆಗೆ ಹುಳಿ ಕೊಡುವ ಕೆಲಸ. ಆ ಕೆಲಸವನ್ನು ನಮ್ಮ ಮಲೆನಾಡಿನಲ್ಲಿ ವಾಟೆಹುಳಿ, ಮುರುಗಲು, ಅಮಟೆಕಾಯಿ ಎಲ್ಲವೂ ಮಾಡುತ್ತಿದ್ದವು, ಈಗ ಮುಕ್ಕಾಲುಪಾಲು ಟೊಮೆಟೊ ಮಾಡುತ್ತದೆ. ಹಾಗಿರುವಾಗ ನೀನು ಅಲ್ಲಿನ ಹುಳಿಯನ್ನು ಯಾಕೆ ಬಿಡಬೇಕು? ಏಪ್ರಿಲ್ ಬಂದರೆ ನಿಮ್ಮ ಸಂತೆಯಲ್ಲಿ ರುಬಾರ್ಬ್ ಅನ್ನುವ ಕೆಂಪು ದಂಟು ಬರುತ್ತದಂತೆ, ಒಳ್ಳೆ ಹುಳಿ. ಅದರ ಎಲೆ ವಿಷ, ಮುಟ್ಟಬೇಡ. ದಂಟು ಹೆಚ್ಚಿ ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡಿ ನೋಡು.

ಇನ್ನೊಂದು ವಿಷಯ. ರೂಮಿನ ಹುಡುಗ ಇಡ್ಲಿ ತಮಿಳುನಾಡಿನದು ಅಂದ ಅಂತ ಅವನ ಹತ್ತಿರ ಮಾತು ಬಿಟ್ಟಿದ್ದೀಯಂತೆ. ಏನೋ ಇದು ಮಕ್ಕಳಾಟ! ವಾದಕ್ಕೆ ಬೇಕಾದರೆ ಸಾಕ್ಷಿ ನಾನು ಕೊಡುತ್ತೇನೆ: 10ನೇ ಶತಮಾನದ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಬರುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಅನ್ನುವ ಗ್ರಂಥದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ, ಇಂಗು, ಜೀರಿಗೆ, ಮೆಣಸು ಸೇರಿಸು ಅನ್ನುತ್ತಾನೆ. ಆದರೆ ಅಲ್ಲಿ ಅಕ್ಕಿಯ ಸುದ್ದಿಯೇ ಇಲ್ಲ. ನೀನು ಗೆಲ್ಲುವ ಇಡ್ಲಿ ನೀನು ತಿನ್ನುವ ಇಡ್ಲಿಯೇ ಅಲ್ಲ! ರವೆ ಇಡ್ಲಿಯದು ಬೇರೆ ಕಥೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತು ತತ್ವಾರವಾದಾಗ ರವೆಯಲ್ಲಿ ಮಾಡಿ ನೋಡಿದ್ದು ತಾವು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಇಲ್ಲದ್ದಕ್ಕೆ ಅಳುತ್ತ ಕೂರಲಿಲ್ಲ ನೋಡು.

ಹಿಟ್ಟು ಉಬ್ಬುವುದಿಲ್ಲ ಅಂದಿದ್ದಕ್ಕೆ ಉತ್ತರ: ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ, ಅಂದರೆ ಅಕ್ಕಿಯ ತರಿ. ಉದ್ದು ನೆನೆಯುವಾಗ ಅರ್ಧ ಚಮಚ ಮೆಂತ್ಯ. ರುಬ್ಬುವಾಗ ತಣ್ಣೀರು ಹಾಕು, ಮಿಕ್ಸಿ ಬಿಸಿಯಾದರೆ ಹಿಟ್ಟು ಹಾಳು. ರುಬ್ಬಿದ ಉದ್ದನ್ನು ಒಂದು ತೊಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಪಾತ್ರೆ ಒಳಗಿಡು. ಚಳಿಗಾಲದಲ್ಲಿ ಹದಿನೈದು ಗಂಟೆ ಹಿಡಿದರೂ ಗಾಬರಿ ಬೇಡ, ಸೋಡಾ ಸುರಿಯಬೇಡ. ಮೊದಲ ಒಬ್ಬೆ ಆ ಹುಡುಗನಿಗೆ ಹಾಕು.

ಮುಂದಿನ ತಿಂಗಳು ಪಕ್ಕದ ಮನೆಯವರ ಮಗಳು ಆ ಕಡೆ ಬರುತ್ತಾಳೆ. ಅವಳ ಕೈಲಿ ತೋಟದ ಕಾಳುಮೆಣಸು, ಒಣಗಿಸಿದ ವಾಟೆಹುಳಿ ಕಳಿಸುತ್ತೇನೆ. ಸಾರಿನ ಪುಡಿ ಕಳಿಸುವುದಿಲ್ಲ, ನೀನೇ ಕುಟ್ಟಿಕೋ. ಅಮ್ಮನಿಗೆ ಭಾನುವಾರ ಫೋನ್ ಮಾಡು.

ಇತಿ ನಿನ್ನ
ಅತ್ತೆ